ಬೆನ್ನೀರು ಮಹಲಿನ ಸ್ಮರಣಿಕೆ

ವಿರೋಧಿಕೃತ್ ಸಂವತ್ಸರ, ಮೂರನೆಯ ಆಷಾಢ, ಇಪ್ಪತ್ತೆರಡನೆಯ ದಿನ
ಬೆನ್ನೀರುಗುಡ್ಡ

ಬೆನ್ನೀರು ಮಹಲು ಪುನಶ್ಚೇತನ ಸಮಿತಿಯ ಅಧ್ಯಕ್ಷರೂ ನಿವೃತ್ತ ಎಂಜಿನಿಯರರೂ ಆದ ಶ್ರೀ ಎಚ್. ಟಿ. ಚಂದ್ರಮೌಳಿಯವರಿಗೆ ನೀರುಗಂಟಿ ಬೋರಕ್ಕ ಮಾಡುವ ನಮಸ್ಕಾರಗಳು. ನಮಸ್ಕಾರ ಬರೆಯಲೇಬೇಕೆಂದು ಅವ್ವ ಹಟ ಹಿಡಿದಿದ್ದರಿಂದ ಬರೆದಿದ್ದೇನೆ. ನನ್ನನ್ನು ಕೇಳಿದ್ದರೆ ಅದೂ ದಂಡ ಅನ್ನುತ್ತಿದ್ದೆ.

ಮೇಲಿನ ತಾರೀಕು ನೋಡಿ ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ಹನ್ನೊಂದನೆಯ ಇಸವಿ. ನಮ್ಮಲ್ಲಿ ಮಳೆ ಬೀಳುವ ತನಕ ಆಷಾಢ ಮುಗಿಯುವುದಿಲ್ಲ. ಮೂವತ್ತು ದಿನ ಕಾದು, ಮೋಡ ಬಾರದಿದ್ದರೆ ಎರಡನೆಯ ಆಷಾಢ ಹಿಡಿಯುತ್ತೇವೆ, ಅದೂ ಒಣಗಿ ಹೋದರೆ ಮೂರನೆಯದು. ನಮ್ಮಜ್ಜಿಯ ಕಾಲದಲ್ಲಿ ಒಮ್ಮೆ ಐದು ಆಷಾಢ ಆಗಿ, ಆ ವರ್ಷ ದೀಪಾವಳಿಯೇ ಇರಲಿಲ್ಲವಂತೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಪತ್ರದಿಂದಲೇ. ಏಳು ಪುಟದ ಆ ಪತ್ರದಲ್ಲಿ ಐದು ಪುಟ ಬರೀ ಗಣ್ಯರ ಹೆಸರು. ಯಾರು ಶೋಭೆ ತಂದರು, ಯಾರು ಮೆರುಗು ನೀಡಿದರು, ಯಾರು ಸಮಯಾಭಾವದಿಂದ ಬರಲಾಗದೆ ಸಂದೇಶ ಕಳಿಸಿದರು ಎಂಬುದೆಲ್ಲ ಇತ್ತು. ಉಳಿದ ಎರಡು ಪುಟ ಓದಿ ನನ್ನ ಮೈ ಉರಿದು ಹೋಯಿತು.

ನಿಮ್ಮ ಪೆಟ್ಟಿಗೆ ಸಿಕ್ಕಿದ ಬಗೆಯನ್ನು ಮೊದಲು ಹೇಳುತ್ತೇನೆ. ನೂರು ವರ್ಷ ಕಳೆದ ಮೇಲೆ ತೆರೆಯಿರಿ ಎಂದು ಅದರ ಮೇಲೆ ಕೆತ್ತಿಸಿದ್ದೀರಿ. ಎಲ್ಲಿ ಹುದುಗಿಸಿದ್ದೀರಿ ಎಂಬುದನ್ನು ಪೆಟ್ಟಿಗೆಯ ಒಳಗಿನ ಕಾಗದದಲ್ಲಿ ಬರೆದಿದ್ದೀರಿ. ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಆದ್ದರಿಂದ ನೂರರ ಬದಲು ನೂರ ಎಂಬತ್ತನಾಲ್ಕು ವರ್ಷ ಅದು ಮಹಲಿನ ಗೋಡೆಯೊಳಗೆ, ದಾನಿಗಳ ಹೆಸರು ಕೊರೆದ ಕರಿಕಲ್ಲಿನ ಹಿಂದೆ ಕೂತಿತ್ತು. ಈ ವರ್ಷದ ಎರಡನೆಯ ಆಷಾಢದ ಐದನೆಯ ದಿನ ಆ ಕಲ್ಲು ತಾನಾಗಿಯೇ ಕಿತ್ತುಬಂದು ನನ್ನ ಕಾಲಿಂದ ಒಂದು ಗೇಣು ಆಚೆ ಬಿತ್ತು. ದಾನಿಗಳು ಸತ್ತ ಮೇಲೂ ಬಡವರ ಕಾಲು ಮುರಿಯಲು ನೋಡುತ್ತಾರೆ ಅಂದುಕೊಂಡೆ.

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು: ನಿಮ್ಮ ಪತ್ರ, ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ, ವೇದಿಕೆಯ ಮೇಲಿನವರ ಒಂದು ಫೋಟೋ, ಜರಿಯ ಪೇಟ, ನುಸಿ ತಿಂದ ಶಾಲು. ಹೆಬ್ಬೆರಳಿನಷ್ಟು ಉದ್ದದ ಒಂದು ತುಂಡಿಗೆ ‘ಕಾರ್ಯಕ್ರಮದ ಸಂಪೂರ್ಣ ವಿಡಿಯೋ’ ಎಂದು ಚೀಟಿ ಅಂಟಿಸಿದ್ದಿರಿ. ಅದನ್ನು ಬಿಸಿಲಿಗೆ ಹಿಡಿದೆವು, ಕಿವಿಗೆ ಇಟ್ಟೆವು, ಏನೂ ಕಾಣಲಿಲ್ಲ, ಕೇಳಲಿಲ್ಲ. ಇವೆಲ್ಲದರ ಕೆಳಗೆ, ಹತ್ತಿಯಲ್ಲಿ ಸುತ್ತಿದ ಒಂದು ಸ್ಮರಣಿಕೆ. ಅಂಗೈಯಷ್ಟು ಅಗಲದ, ಜೇನಿನ ಬಣ್ಣದ, ಗೆರೆಗೆರೆಯಾಗಿ ಹೊಳೆಯುವ ಕಲ್ಲು, ಅದಕ್ಕೊಂದು ಮರದ ಪೀಠ, ಪೀಠಕ್ಕೊಂದು ಕಿಲುಬು ಹಿಡಿದ ಹಿತ್ತಾಳೆ ತಗಡು. ನನ್ನ ಈ ಪತ್ರವೆಲ್ಲ ಆ ಕಲ್ಲಿನ ಬಗ್ಗೆಯೇ.

ನಿಮ್ಮ ಸ್ಮರಣ ಸಂಚಿಕೆಯಲ್ಲಿ ಮಹಲಿನ ಇತಿಹಾಸ ಅಂತ ಒಂದು ಲೇಖನವಿದೆ. ಸಂಧಿವಾತದಿಂದ ನರಳುತ್ತಿದ್ದ ಬಿಳಿ ಅಧಿಕಾರಿಯೊಬ್ಬ ಸಾವಿರದ ಒಂಬೈನೂರ ಎರಡರಲ್ಲಿ ಈ ಬಿಸಿನೀರಿನ ಬುಗ್ಗೆಯನ್ನು ‘ಕಂಡುಹಿಡಿದು’, ತನ್ನ ಊರಿನ ಮಾದರಿಯಲ್ಲಿ ಸ್ನಾನಗೃಹ ಕಟ್ಟಿಸಿದ ಎಂದು ಬರೆದಿದ್ದೀರಿ. ಕಂಡುಹಿಡಿಯಲು ಅದೇನು ಕಳೆದುಹೋಗಿತ್ತೇ? ಅವನು ಬರುವ ಮುಂಚೆ ಸಾವಿರಾರು ವರ್ಷ ಕುರುಬರು ಕಜ್ಜಿ ಹತ್ತಿದ ಕುರಿಗಳನ್ನು ಆ ಗುಂಡಿಯಲ್ಲಿ ಮೀಯಿಸುತ್ತಿದ್ದರು, ಕುರಿ ಮಿಂದ ಮೇಲೆ ತಾವೂ ಮೀಯುತ್ತಿದ್ದರು. ಸಾಹೇಬ ಕುಂಟುತ್ತ ಬಂದು ಅದೇ ಗುಂಡಿಯಲ್ಲಿ ಕೂತ. ಹದಿನೈದು ದಿನಕ್ಕೆ ಅವನ ಮೊಣಕಾಲಿನ ಬಾವು ಇಳಿಯಿತು. ಬಾವು ಇಳಿದ ಮೇಲೆ ಅವನಿಗೆ ಕುರಿಗಳ ಜೊತೆ ಮೀಯಲು ನಾಚಿಕೆಯಾಯಿತು, ಅದಕ್ಕೆ ಕಟ್ಟಡ ಬೇಕಾಯಿತು. ಇದು ನಿಜವಾದ ಇತಿಹಾಸ.

ಕಟ್ಟಿದವನು ಗೌಸ್ ಮೇಸ್ತ್ರಿ. ಅವನ ಹೆಸರು ನಿಮ್ಮ ಸಂಚಿಕೆಯಲ್ಲಿ ಎಲ್ಲೂ ಇಲ್ಲ. ಹನ್ನೆರಡು ಕಿಟಕಿಯ ದುಂಡು ಹಜಾರ, ಅದರ ಮೇಲೆ ಗಾರೆಯ ಗುಮ್ಮಟ, ಗುಮ್ಮಟದ ನೆತ್ತಿಯಲ್ಲಿ ಬಿಸಿಲು ಇಳಿಯುವ ಕಿಂಡಿ, ಕಿಂಡಿಯ ನೇರ ಕೆಳಗೆ ಕುತ್ತಿಗೆಯಾಳದ ಕೊಳ, ಕೊಳದ ಅಂಚಿನಲ್ಲಿ ಕೆರೆಗೆ ಇರುವ ಹಾಗೆ ಒಂದು ಕಲ್ಲಿನ ಕೋಡಿ. ಕಟ್ಟಡವೆಲ್ಲ ಒಂದೇ ವರ್ಷದಲ್ಲಿ ಎದ್ದಿತು, ಕೊಳ ಮಾತ್ರ ಅವನ ಮಾತು ಕೇಳಲಿಲ್ಲ. ಮೂರು ಸಲ ಗಾರೆ ಮೆತ್ತಿದ, ಮೂರು ಸಲವೂ ಬಿಸಿನೀರು ಗಾರೆಯನ್ನು ಉಗಿದು ಹಾಕಿತು. ಆಗ ನಮ್ಮ ಮನೆಯ ಹಿರಿಯ, ನೀರುಗಂಟಿ ಕೆಂಚಪ್ಪ, ಅಂದರೆ ಊರ ನೀರು ಬಿಡುವ ಕಟ್ಟುವ ಕೆಲಸದವನು, ಮೇಸ್ತ್ರಿಗೆ ಒಂದು ಮಾತು ಹೇಳಿದನಂತೆ. ಈ ನೀರು ಹರಿದ ಕಡೆಯೆಲ್ಲ ಕಲ್ಲಿನ ಮೇಲೆ ಹಕ್ಕಳೆ ಕಟ್ಟುತ್ತದೆ, ಗಾಯದ ಮೇಲೆ ಕಟ್ಟುವ ಹಾಗೆ. ನೀನು ಮೆತ್ತಬೇಡ, ನೀರೇ ಮೆತ್ತಿಕೊಳ್ಳಲಿ ಬಿಡು ಎಂದನಂತೆ.

ಮೇಸ್ತ್ರಿಗೆ ಕಿವಿ ಇತ್ತು. ಅವನು ಕತ್ತಾಳೆ ನಾರಿನ ಬಲೆ ಹೆಣೆಸಿ ಒರಟು ಕಲ್ಲಿನ ಗೋಡೆಗೆ ತೂಗುಹಾಕಿದ. ಬುಗ್ಗೆಯ ನೀರನ್ನು ಅದರ ಮೇಲೆ ತೆಳ್ಳಗೆ ಇಳಿಯಬಿಟ್ಟ. ಮೂರು ವರ್ಷ ಕೊಳಕ್ಕೆ ಯಾರನ್ನೂ ಇಳಿಸಲಿಲ್ಲ, ಸಾಹೇಬನನ್ನೂ ಇಳಿಸಲಿಲ್ಲ. ನೀರಿನ ಸುಣ್ಣ ನಾರಿಗೆ ಹತ್ತಿ, ನಾರು ಕಲ್ಲಿಗೆ ಹತ್ತಿ, ಕಲ್ಲಿನ ಸಂದುಗಳೆಲ್ಲ ಮುಚ್ಚಿದವು. ಒಂದು ಬೆಳಿಗ್ಗೆ ಕೋಡಿ ಹರಿಯಿತು. ಅಂದಿನಿಂದ ಕೆಂಚಪ್ಪನ ಮನೆಯವರಿಗೆ ಒಂದು ಕೆಲಸ ಗಂಟುಬಿತ್ತು. ಅಮಾವಾಸ್ಯೆಯ ದಿನ ಕೊಳವನ್ನು ಒಂದು ಮೊಳ ಇಳಿಸಿ ಹಕ್ಕಳೆಗೆ ಬಿಸಿಲು ಕಾಣಿಸಬೇಕು, ಸಂಜೆಗೆ ಮತ್ತೆ ತುಂಬಬೇಕು. ಕಬ್ಬಿಣ ತಾಗಿಸಬಾರದು, ಸೋಪು ಹಾಕಬಾರದು, ಉಗುರಿನಿಂದ ಕೂಡ ಕೆರೆಯಬಾರದು. ಇಷ್ಟೇ. ನೂರಿಪ್ಪತ್ತು ವರ್ಷ ನಡೆಸಿಕೊಂಡು ಬಂದದ್ದು ಇಷ್ಟನ್ನೇ.

ಸಾಹೇಬರು ಹೋದರು, ಸರ್ಕಾರದ ಅತಿಥಿಗೃಹವಾಯಿತು. ಆಮೇಲೆ ಸಿನಿಮಾದವರು ಬಂದು ಕೊಳದ ಸುತ್ತ ಕುಣಿದರು. ಒಂದಷ್ಟು ಕಾಲ ಬೀಗ ಬಿತ್ತು, ಪಾರಿವಾಳ ಸೇರಿದವು. ಬೀಗ ಹಾಕಿದ ಕಾಲದಲ್ಲೂ ನಮ್ಮವರು ಹಿತ್ತಿಲ ಕಿಟಕಿಯಿಂದ ಇಳಿದು ಅಮಾವಾಸ್ಯೆಯ ಕೆಲಸ ಮಾಡಿ ಹೋಗುತ್ತಿದ್ದರು. ನಂತರ ನಿಮ್ಮ ಕಾಲ ಬಂತು. ಬಯಲಿನ ಸೆಕೆ ತಾಳದವರು ಶನಿವಾರ ಭಾನುವಾರ ಗುಡ್ಡ ಹತ್ತತೊಡಗಿದರು, ರೆಸಾರ್ಟುಗಳು ಅಣಬೆಯ ಹಾಗೆ ಎದ್ದವು. ನಿಮಗೆ ತಿಳಿದಿರಲಿ, ಆ ರೆಸಾರ್ಟುಗಳ ಈಜುಕೊಳದಲ್ಲಿ ಈಗ ನಾವು ಕುರಿ ಕೂಡಿಹಾಕುತ್ತೇವೆ. ಅಂಚೇ ಕಾಣದ ಹಾಗೆ ಕಟ್ಟಿದ ಒಂದು ಕೊಳವಿದೆಯಲ್ಲ, ಅದರ ಅಂಚು ಕಾಣದೆ ಮೊದಲ ವರ್ಷವೇ ನಾಲ್ಕು ಕುರಿ ಕಣಿವೆಗೆ ಬಿದ್ದವು, ಈಗ ಮುಳ್ಳುಬೇಲಿ ಹಾಕಿದ್ದೇವೆ. ಕೆಳಗಿನ ಬಯಲಿನಲ್ಲಿ ಬದುಕಲಾಗದೆ ಮೇಲೆ ಬಂದ ಮೂರು ಸಾವಿರ ಜನ ಈ ಗುಡ್ಡದ ಮೇಲಿದ್ದೇವೆ. ನೆರಳುಪಾಳಿಯಲ್ಲಿ ದುಡಿಯುತ್ತೇವೆ, ಅಂದರೆ ಸೂರ್ಯ ಮೂಡಣಕ್ಕಿದ್ದಾಗ ಪಡುವಣ ಇಳಿಜಾರಿನಲ್ಲಿ, ಪಡುವಣಕ್ಕೆ ಹೊರಳಿದ ಮೇಲೆ ಮೂಡಣ ಇಳಿಜಾರಿನಲ್ಲಿ. ನಡುಹಗಲು ಯಾರೂ ಹೊರಗೆ ತಲೆ ಹಾಕುವುದಿಲ್ಲ. ಯಾವ ನೀರು ಯಾರಿಗೆ ಎಂದು ನೀರುಸಭೆ ತೀರ್ಮಾನಿಸುತ್ತದೆ, ಅದರ ಮಾತಿಗೆ ಎದುರಿಲ್ಲ.

ಈಗ ನಿಮ್ಮ ಸಾಧನೆಗೆ ಬರೋಣ. ಎರಡು ಸಾವಿರದ ಇಪ್ಪತ್ತೇಳರಲ್ಲಿ ಮಹಲಿಗೆ ನೂರಿಪ್ಪತ್ತೈದು ತುಂಬಿತು. ನೀವು ಸಮಿತಿ ಮಾಡಿದಿರಿ. ಸಮಿತಿ ಅಂದ ಮೇಲೆ ಏನಾದರೂ ಮಾಡಲೇಬೇಕಲ್ಲ. ಕೊಳದ ಗೋಡೆಗಳು ‘ಹಳೆಯ ಹಲ್ಲಿನಂತೆ ಹಳದಿಗಟ್ಟಿ ಅಸಹ್ಯವಾಗಿದ್ದವು’ ಎಂದು ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ. ಪಟ್ಟಣದಿಂದ ಯಂತ್ರ ತರಿಸಿ, ಆಸಿಡ್ ಸುರಿದು, ಉಳಿ ಹಚ್ಚಿ, ಇಪ್ಪತ್ತಾರು ದಿನದಲ್ಲಿ ಹಕ್ಕಳೆಯನ್ನೆಲ್ಲ ಕಿತ್ತು ‘ಮೂಲ ಕಲ್ಲಿನ ಸೌಂದರ್ಯವನ್ನು ಅನಾವರಣಗೊಳಿಸಿದಿರಿ’. ಸಂದುಗಳಿಗೆ ಸಿಮೆಂಟು ತುರುಕಿದಿರಿ. ಅಧ್ಯಕ್ಷರೇ, ನೀವು ಎಂಜಿನಿಯರರು. ನೀರು ನಿಲ್ಲುವ ಗೋಡೆ ಯಾವುದು, ಅದರ ಹಿಂದಿನ ಕಲ್ಲುರಾಶಿ ಯಾವುದು ಎಂದು ಕೇಳುವಷ್ಟು ವ್ಯವಧಾನ ನಿಮಗಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ ಅನ್ನುತ್ತಾರೆ, ನೀವು ಅವರಪ್ಪನನ್ನೂ ಮಾಡಲಿಲ್ಲ, ಇದ್ದ ಗಣಪತಿಯನ್ನೇ ಉಜ್ಜಿ ಉಜ್ಜಿ ಮಣ್ಣು ಮಾಡಿದಿರಿ.

ಅಲ್ಲಿಗೇ ನಿಂತಿದ್ದರೆ ಗೊತ್ತಿಲ್ಲದೆ ಮಾಡಿದರು ಪಾಪ ಅನ್ನಬಹುದಿತ್ತು. ಕಿತ್ತ ಹಕ್ಕಳೆ ಒಳಗೆ ಜೇನಿನ ಬಣ್ಣದ ಪದರು ಪದರಾಗಿ ಚೆಂದ ಕಂಡಿತು. ನಿಮ್ಮ ಸಮಿತಿಯ ಯಾವುದೋ ಮಹಾಜ್ಞಾನಿಗೆ ಒಂದು ಯೋಚನೆ ಹೊಳೆಯಿತು. ಸಮಾರಂಭಕ್ಕೆ ಹೇಗೂ ಸ್ಮರಣಿಕೆ ಬೇಕು, ಅಂಗಡಿಯದ್ದೇಕೆ, ಇದನ್ನೇ ಕತ್ತರಿಸಿ ಮೆರುಗು ಕೊಟ್ಟು ಪೀಠಕ್ಕೆ ಕೂಡಿಸಿದರೆ ‘ಅರ್ಥಪೂರ್ಣ’ವಾಗಿರುತ್ತದೆ ಅಂತ. ಇನ್ನೂರ ಹನ್ನೆರಡು ಸ್ಮರಣಿಕೆ ಮಾಡಿಸಿದಿರಿ. ಉಳಿದದ್ದನ್ನು ಲಾರಿಯಲ್ಲಿ ತುಂಬಿ ರಸ್ತೆಯ ಗುಂಡಿಗೆ ಸುರಿದಿರಿ. ಕೊಳದ ಗೋಡೆಯನ್ನು ಇನ್ನೂರ ಹನ್ನೆರಡು ತುಂಡು ಮಾಡಿ, ಕೊಳವನ್ನು ಉಳಿಸಿದ್ದಕ್ಕಾಗಿ ಒಬ್ಬರಿಗೊಬ್ಬರು ಸನ್ಮಾನದಲ್ಲಿ ಹಂಚಿಕೊಂಡಿರಿ. ಇಂಥ ಕೆಲಸವನ್ನು ಕೋತಿಯೂ ಮಾಡುವುದಿಲ್ಲ, ಏಕೆಂದರೆ ಕೋತಿಗೆ ಶೋಕೇಸ್ ಇಲ್ಲ.

ನಿಮಗೆ ಹೇಳುವವರು ಯಾರೂ ಇರಲಿಲ್ಲ ಅಂತ ಹೇಳಬೇಡಿ. ತಿಪ್ಪಕ್ಕ ಇದ್ದಳು. ಕೆಂಚಪ್ಪನ ಮನೆತನದವಳು, ಐವತ್ತೆಂಟು ವರ್ಷದವಳು, ಮಹಲಿನಲ್ಲಿ ದಿನಗೂಲಿಯ ಮೇಲೆ ಕಸ ಗುಡಿಸುವವಳು ಎಂದು ನಿಮ್ಮ ದಾಖಲೆ. ನಾನು ಅವಳಿಂದ ಎಂಟನೆಯ ತಲೆ. ಯಂತ್ರ ಬಂದ ದಿನ ಅವಳು ನಿಮ್ಮ ಎದುರು ನಿಂತಳು, ಎರಡನೆಯ ದಿನ ಕೊಳದೊಳಗೆ ಇಳಿದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ನೀವು ಬೈಯಲಿಲ್ಲ, ಹೊಡೆಯಲಿಲ್ಲ. ಅದಕ್ಕಿಂತ ಹೀನವಾದ ಒಂದು ಉಪಾಯ ಮಾಡಿದಿರಿ. ‘ಮಹಲಿನ ಹಿರಿಯ ಸೇವಕಿ’ ಎಂದು ಅವಳ ಹೆಸರನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದಿರಿ. ಊರವರೆಲ್ಲ ಅವಳಿಗೆ, ಅಮ್ಮಾ, ನಿನಗೆ ಇಂಥ ಗೌರವ ಕೊಡುವವರ ಮೇಲೆ ಹೀಗೆ ಹಗೆ ಸಾಧಿಸಬಹುದೇ ಎಂದು ಬುದ್ಧಿ ಹೇಳಿದರು. ಅವಳು ಒಬ್ಬಳೇ ಆದಳು.

ಸಮಾರಂಭದಲ್ಲಿ ಅವಳನ್ನು ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂರಿಸಿದಿರಿ. ಫೋಟೋದಲ್ಲಿ ನೋಡಿದೆ. ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ, ಅವಳೊಬ್ಬಳು ಕೊಳದ ಕಡೆ ನೋಡುತ್ತಿದ್ದಾಳೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಕೈಗೆ ಸ್ಮರಣಿಕೆ ಇಟ್ಟು, ಎರಡು ಮಾತು ಆಡಬೇಕೆಂದು ಮೈಕು ಹಿಡಿದಿರಿ. ಅವಳು ಆಡಿದ್ದು ಎರಡೇ ಮಾತು. ಅದನ್ನು ನಿಮ್ಮ ಪತ್ರದಲ್ಲಿ ನೀವೇ ದಾಖಲಿಸಿದ್ದೀರಿ, ‘ಮುಗ್ಧ ಜನಪದರ ಭಾವುಕತೆ’ಗೆ ಉದಾಹರಣೆ ಎಂದು:

“ಇದು ಕೊಳೆ ಅಲ್ಲ ಸ್ವಾಮಿ. ಇದೇ ಗ್ವಾಡೆ.”

ಸಭೆ ಚಪ್ಪಾಳೆ ತಟ್ಟಿತಂತೆ. ನಿರೂಪಕಿ, ಎಷ್ಟು ಸರಳವಾದ ಹೃದಯದ ಮಾತು ಎಂದು ಹೊಗಳಿ, ಮುಂದಿನ ಕಾರ್ಯಕ್ರಮ ಪುಟಾಣಿಗಳಿಂದ ಸ್ವಾಗತ ನೃತ್ಯ ಎಂದು ಘೋಷಿಸಿದಳಂತೆ. ನೀವು ಇದನ್ನೆಲ್ಲ ಸಂತೋಷದಿಂದ ಬರೆದಿದ್ದೀರಿ ನೋಡಿ, ಅದಕ್ಕೆ ನನಗೆ ನಿಮ್ಮ ಮೇಲೆ ಸಿಟ್ಟಿಗಿಂತ ಹೇಸಿಗೆ ಜಾಸ್ತಿ. ಅವಳು ನಿಮಗೆ ಕೊಳದ ಗುಟ್ಟನ್ನೇ ಮೈಕಿನಲ್ಲಿ ಹೇಳಿದಳು. ನೀವು ಚಪ್ಪಾಳೆ ತಟ್ಟಿದಿರಿ.

ಮುಂದಿನದು ನಿಮ್ಮ ಪತ್ರದಲ್ಲಿಲ್ಲ, ನಮ್ಮ ಮನೆಯ ಬಾಯಲ್ಲಿದೆ. ಅಂದು ಕೊಳದಲ್ಲಿ ಇದ್ದದ್ದು ಟ್ಯಾಂಕರಿನ ನೀರು, ಕಾಯಿಸಿದ್ದು ಗ್ಯಾಸಿನಿಂದ. ಬುಗ್ಗೆಯ ನೀರು ಆಗಲೇ ಸಂದುಗಳಿಂದ ಇಳಿದು ಬುನಾದಿಯ ಕೆಳಗೆ ದಾರಿ ಹುಡುಕಿತ್ತು. ಒಂಬತ್ತನೆಯ ವರ್ಷ, ದುಂಡು ಹಜಾರದ ಪಕ್ಕದಲ್ಲಿದ್ದ ಪಡುವಣ ಹಜಾರ ಕುಸಿಯಿತು. ಹಳೆಯ ಕಟ್ಟಡ, ಆಯಸ್ಸು ಮುಗಿದಿತ್ತು ಎಂದು ವರದಿ ಬರೆದು ಬಾಗಿಲಿಗೆ ಹಲಗೆ ಹೊಡೆದು ಎಲ್ಲರೂ ಮನೆಗೆ ಹೋದರು. ಎಲ್ಲರೂ ಹೋದ ಮೇಲೆ ತಿಪ್ಪಕ್ಕ ಬಂದಳು. ಹುಣಸೆಮರದ ಗೂಟ ಚೂಪು ಮಾಡಿಕೊಂಡು, ಸಂದುಗಳೊಳಗಿನ ನಿಮ್ಮ ಸಿಮೆಂಟನ್ನು ಒಂದೊಂದೇ ಬೆರಳಗಲ ಕೀಳತೊಡಗಿದಳು. ಕಬ್ಬಿಣ ತಾಗಿಸಬಾರದಲ್ಲ. ಅವಳು ಸತ್ತ ಮೇಲೆ ಮಗಳು ಕಿತ್ತಳು, ಮೊಮ್ಮಗಳು ಕಿತ್ತಳು. ಬಲೆ ಹೆಣೆದು ತೂಗುಹಾಕುವ ಹೊತ್ತಿಗೆ ಎಪ್ಪತ್ತು ವರ್ಷ ಕಳೆದಿತ್ತು. ಆಸಿಡ್ ಕುಡಿದ ಕಲ್ಲಿಗೆ ಹಕ್ಕಳೆ ಬೇಗ ಹತ್ತುವುದಿಲ್ಲ, ವರ್ಷಕ್ಕೆ ಒಂದು ಅಕ್ಕಿಕಾಳಿನ ದಪ್ಪ ಬಂದರೆ ಪುಣ್ಯ. ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲ ನಾರು ಹೊಸೆಯಲು ಕಲಿತ ಮೇಲೆಯೇ ನಡೆಯಲು ಕಲಿತದ್ದು ಎಂದು ಊರವರು ತಮಾಷೆ ಮಾಡುತ್ತಾರೆ.

ನನ್ನ ಅವ್ವ ದುರುಗವ್ವನಿಗೆ ಈಗ ಎಪ್ಪತ್ತೊಂಬತ್ತು. ಅರವತ್ತು ವರ್ಷ ಸುಣ್ಣದ ನೀರಿನಲ್ಲಿ ಕೈ ಅದ್ದಿ ಬಲೆ ಕಟ್ಟಿದವಳು. ಅವಳ ಬೆರಳುಗಳು ಈಗ ಕೊಕ್ಕೆಯಾಗಿವೆ, ಮೊಣಕಾಲು ಮಡಚಲು ಬಾರದು, ಕಣ್ಣು ಮುಕ್ಕಾಲು ಮಂಜು. ಊರಿನ ಮುದುಕರ ಕೀಲುಗಳಿಗೆ ಈ ನೀರು ಒಳ್ಳೆಯದೆಂದು ಎಲ್ಲರಿಗೂ ಗೊತ್ತು, ಆದರೆ ಕೊಳದಲ್ಲಿ ಎಂದೂ ಮೊಣಕಾಲಿನ ಮೇಲೆ ನೀರು ನಿಂತದ್ದನ್ನು ಯಾರೂ ನೋಡಿಲ್ಲ. ಬಡಗಣ ಮೂಲೆಯಲ್ಲಿ ಅಂಗೈಯಗಲದ ಒಂದು ಬಿರುಕು ಉಳಿದುಬಿಟ್ಟಿತ್ತು. ನಿಮ್ಮ ಸಿಮೆಂಟು ಅಲ್ಲಿ ಕಲ್ಲಿನ ಕರುಳಿಗೆ ಇಳಿದಿತ್ತು, ಹಕ್ಕಳೆ ಕೂರುತ್ತಲೇ ಇರಲಿಲ್ಲ, ಕೂತರೆ ಹದಿನೈದು ದಿನಕ್ಕೆ ಉದುರುತ್ತಿತ್ತು. ಕತ್ತಿನವರೆಗೆ ಒಂದೇ ಒಂದು ಸಲ ಮುಳುಗಿ ಕೂತು ಸಾಯಬೇಕು ಕಣೇ ಅಂತ ಅವ್ವ ಹೇಳುತ್ತಿದ್ದಳು. ಹಾಗೆ ಅಂದಾಗಲೆಲ್ಲ ನಾನು ಏನಾದರೂ ಕೆಲಸ ಇರುವವಳ ಹಾಗೆ ಎದ್ದು ಹೋಗುತ್ತಿದ್ದೆ.

ನೀರುಸಭೆಗೂ ಸಾಕಾಗಿತ್ತು. ಮಹಲಿನ ಬುಗ್ಗೆಯನ್ನು ಎಂಟು ತಲೆಮಾರಿಗೆ ನಮ್ಮ ಮನೆಗೆ ಬಿಟ್ಟುಕೊಟ್ಟಿದ್ದರು. ಈ ಯುಗಾದಿಗೆ ಕರೆಸಿ ಕಡೆಯ ಮಾತು ಹೇಳಿದರು. ಆಷಾಢ ಎಷ್ಟು ಬಂದರೂ ಸರಿ, ಅದು ಮುಗಿಯುವುದರೊಳಗೆ ಕೊಳ ಕೋಡಿ ಹರಿಯಬೇಕು. ಹರಿಯದಿದ್ದರೆ ಕೊಳವನ್ನು ಒಡೆದು, ಬುಗ್ಗೆಯನ್ನು ಊರ ತೊಟ್ಟಿಗೆ ತಿರುಗಿಸಿ, ಮಹಲಿನ ಕಲ್ಲನ್ನು ನೆರಳುಗೋಡೆಗೆ ತೆಗೆದುಕೊಳ್ಳುತ್ತೇವೆ ಎಂದರು. ಅವರದ್ದೂ ತಪ್ಪಲ್ಲ, ನಡುಹಗಲಿಗೆ ನೆರಳು ಬೇಕು. ಕೋಡಿಯ ಬಾಯಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು. ನಾನು ಮನಸ್ಸಿನಲ್ಲಿ ಮಹಲಿಗೆ ಎಳ್ಳುನೀರು ಬಿಟ್ಟಾಗಿತ್ತು.

ಆಗ ನಿಮ್ಮ ಪೆಟ್ಟಿಗೆ ಸಿಕ್ಕಿದ್ದು. ನಾನು ಜಗಲಿಯಲ್ಲಿ ಕೂತು ನಿಮ್ಮ ಗಣ್ಯರ ಪಟ್ಟಿ ಓದುತ್ತಿದ್ದೆ, ಅವ್ವ ಸುಮ್ಮನೆ ಕೂರಲಾರದೆ ಪೆಟ್ಟಿಗೆಯೊಳಗೆ ಕೈಯಾಡಿಸುತ್ತಿದ್ದಳು. ಸ್ಮರಣಿಕೆ ಅವಳ ಕೈಗೆ ಸಿಕ್ಕಿತು. ಹೆಬ್ಬೆರಳಿನಿಂದ ಅದರ ಹಿಂಬದಿ ಸವರಿದಳು. ನೀವು ಮುಂಬದಿಗೆ ಮಾತ್ರ ಮೆರುಗು ಕೊಟ್ಟಿದ್ದಿರಿ, ಹಿಂಬದಿಯಲ್ಲಿ ಕತ್ತಾಳೆ ನಾರಿನ ಗುರುತು ಹಾಗೇ ಇತ್ತು. ಆಮೇಲೆ ಅದನ್ನು ನಾಲಿಗೆಗೆ ತಾಗಿಸಿದಳು. ನಾನು ಓದು ನಿಲ್ಲಿಸಿದೆ.

“ಬೋರಿ, ಇದು ನಮ್ಮ ಗ್ವಾಡೆ ಕಣೇ,” ಅಂದಳು.

ನಾನು ಅಲ್ಲಿಯವರೆಗೆ ತಿಪ್ಪಕ್ಕನ ಮಾತು ಬರೆದಿದ್ದ ಪುಟಕ್ಕೆ ಬಂದೇ ಇರಲಿಲ್ಲ. ಆಮೇಲೆ ಆ ಪುಟ ಓದಿ ಹೇಳಿದಾಗ ಅವ್ವ, ಪೀಠದಿಂದ ಕಲ್ಲು ಬಿಡಿಸಿಕೊಡು ಅಂದಳು. ಸಂಜೆ ಒರಳು ತೊಳೆಯಲು ಹೇಳಿದಳು. ಹಾಲಿಗೆ ಹಾಲು ಹೊಯ್ದರೆ ಮೊಸರಾಗುವುದಿಲ್ಲ, ಒಂದು ಚಮಚ ಹಳೆಯ ಮೊಸರು ಬೇಕು ಎಂದಳು. ಇಷ್ಟು ವರ್ಷ ನಾವು ಬರೀ ನೀರು ಹರಿಸಿ ಕಾದೆವು, ಹೆಪ್ಪು ಹಾಕಲು ಹಳೆಯ ಹಕ್ಕಳೆಯ ಒಂದು ಚೂರೂ ಊರಲ್ಲಿ ಉಳಿದಿರಲಿಲ್ಲ, ಈಗ ಇದೆ ಎಂದಳು. ಸುದ್ದಿ ಕೇಳಿ ನೀರುಸಭೆಯ ಇಬ್ಬರು ಓಡಿ ಬಂದರು. ಇದು ಪುರಾತನ ವಸ್ತು, ಇದನ್ನು ಗಾಜಿನೊಳಗೆ ಇಡಬೇಕು, ಕುಟ್ಟಬಾರದು ಎಂದು ವಾದಿಸಿದರು. ಚಂದ್ರಮೌಳಿಯವರೇ, ನಿಮ್ಮ ಜಾತಿಯ ಬೀಜ ಇನ್ನೂ ಸತ್ತಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಅವ್ವ ಅವರಿಗೆ ಕೂರಲು ಚಾಪೆ ಕೊಟ್ಟು, ಕುಡಿಯಲು ಅಂಬಲಿ ಕೊಟ್ಟು, ಅವರು ಕುಡಿಯುತ್ತಿದ್ದಾಗಲೇ ಒರಳಿಗೆ ಹಾಕಿ ಕುಟ್ಟಿಬಿಟ್ಟಳು. ಕೊಕ್ಕೆಯಾದ ಕೈಯಲ್ಲಿ ಒನಕೆ ಹಿಡಿಯಲಾಗದೆ ಎರಡೂ ಮೊಣಕೈಗಳ ನಡುವೆ ಅವುಚಿ ಹಿಡಿದಿದ್ದಳು. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದಲೇ ನೂಕಿದಳು.

ಆ ಪುಡಿಯನ್ನು ಬುಗ್ಗೆಯ ನೀರಿನಲ್ಲಿ ಕಲಸಿ, ಹೊಸ ನಾರಿಗೆ ಹಚ್ಚಿ, ಬಡಗಣ ಮೂಲೆಯ ಬಿರುಕಿಗೆ ತುಂಬಿದೆ. ಹದಿನೈದು ದಿನ ಕಳೆಯಿತು, ಉದುರಲಿಲ್ಲ. ಇಪ್ಪತ್ತೈದನೆಯ ದಿನ ಅದರ ಮೇಲೆ ಹಾಲಿನ ಕೆನೆಯಂಥ ತೆಳುಪದರು ಕಂಡಿತು. ನಾನು ಯಾರಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಕೆಟ್ಟರೆ ಅವಳು ತಡೆದುಕೊಳ್ಳುವುದಿಲ್ಲ ಎಂದು ಹೆದರಿದ್ದೆ. ನಲವತ್ತನೆಯ ದಿನ ನೀರು ನನ್ನ ಮೊಣಕಾಲು ದಾಟಿತು. ಮೊನ್ನೆ ಬೆಳಿಗ್ಗೆ, ಬಿಸಿಲು ಗುಮ್ಮಟದ ಕಿಂಡಿಯಿಂದ ಇಳಿಯುವ ಹೊತ್ತಿಗೆ, ಕೊಳ ಕೋಡಿ ಹರಿಯಿತು. ಹಲ್ಲಿಯ ಮೊಟ್ಟೆಯನ್ನು ಮುಂಚೆಯೇ ಬೇರೆ ಕಡೆ ಇಟ್ಟಿದ್ದೆ. ನೀರುಸಭೆಯವರು ಬಂದು ಕೋಡಿಗೆ ಕೈಯೊಡ್ಡಿ ನೋಡಿದರು, ಊರ ಹೆಂಗಸರು ಬಾಗಿನ ತಂದರು. ಕೆಲವರು ಅತ್ತರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಅವ್ವನನ್ನು ಹಗ್ಗದ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ನೀರಿಗೆ ಇಳಿಸಿದೆವು. ನೀರು ಕತ್ತಿಗೆ ಬಂತು. ಅವಳು ಎಲ್ಲಕ್ಕಿಂತ ಮೊದಲು ಕೈ ಚಾಚಿ ಗೋಡೆ ಮುಟ್ಟಿದಳು, ಬೆರಳಿನಿಂದಲ್ಲ, ಅಂಗೈಯಿಂದ. ತುಂಬಾ ಹೊತ್ತಾದ ಮೇಲೆ ಅವಳ ಬೆರಳು ಸ್ವಲ್ಪ ಬಿಚ್ಚಿಕೊಂಡಿತು. ಆಗ ಕಣ್ಣು ಮುಚ್ಚಿಕೊಂಡೇ, ಪೆಟ್ಟಿಗೆಯ ಮನುಷ್ಯನಿಗೆ ಒಂದು ಉತ್ತರ ಬರೆ ಬೋರಿ, ಕಾಗದ ಬರೆದವರಿಗೆ ಉತ್ತರ ಬರೆಯದೆ ಇರುವುದು ಮರ್ಯಾದೆಯಲ್ಲ ಅಂದಳು. ಈ ಪತ್ರ ಹುಟ್ಟಿದ್ದು ಹಾಗೆ. ಮರ್ಯಾದೆ ಅವಳದು, ಉಳಿದದ್ದು ನನ್ನದು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ‘ಸಮಾರಂಭದ ಕೊನೆಗೆ ವೇದಿಕೆಯ ಕುರ್ಚಿಯ ಮೇಲೆ ಯಾರೋ ಮರೆತುಹೋದ ಸ್ಮರಣಿಕೆಯೊಂದು ಸಿಕ್ಕಿತು, ಅದನ್ನೇ ಪೆಟ್ಟಿಗೆಗೆ ಹಾಕಿದ್ದೇವೆ’ ಎಂದು ನಿಮ್ಮ ಪತ್ರದ ಕಡೆಯ ಸಾಲಿನಲ್ಲಿದೆ. ನಿನ್ನೆ ನಾನು ಆ ಹಿತ್ತಾಳೆ ತಗಡನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಮೇಲಿನ ಅರ್ಧದಲ್ಲಿ ನಿಮ್ಮ ಸಮಿತಿಯ ಹೆಸರು, ನಿಮ್ಮ ಹೆಸರು, ನಿಮ್ಮ ಪದವಿಗಳು. ಕೆಳಗಿನ ಅರ್ಧದಲ್ಲಿ, ಶ್ರೀಮತಿ ತಿಪ್ಪಕ್ಕ ಇವರಿಗೆ ಪ್ರೀತಿಪೂರ್ವಕ ಸನ್ಮಾನ ಎಂದಿತ್ತು. ಅವಳು ಮರೆತು ಹೋಗಲಿಲ್ಲ ಚಂದ್ರಮೌಳಿಯವರೇ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮರೆತು ಬರುವುದಿಲ್ಲ. ಅವಳು ಬಿಟ್ಟು ಎದ್ದು ಹೋದಳು. ಬೇಡ ಅಂದವಳ ಪಾಲು ನಮಗೆ ಮುಟ್ಟಿತು, ಬೇಕು ಅಂದವರ ಇನ್ನೂರ ಹನ್ನೊಂದು ಯಾವ ಕಸದಲ್ಲಿ ಸೇರಿದವೋ ದೇವರೇ ಬಲ್ಲ.

ತಗಡನ್ನು ಅಡ್ಡಕ್ಕೆ ಕತ್ತರಿಸಿದ್ದೇನೆ. ಅವಳ ಹೆಸರಿನ ಅರ್ಧ ಕೋಡಿಯ ಪಕ್ಕದ ಕಂಬದಲ್ಲಿದೆ. ನಿಮ್ಮ ಅರ್ಧ ಸರಿಯಾಗಿ ಬಚ್ಚಲಿನ ತೂತಿನಷ್ಟೇ ಅಗಲವಿತ್ತು, ಅಲ್ಲಿಗೆ ಹಾಕಿದೆ.

ಈ ಪತ್ರ ನಿಮ್ಮನ್ನು ಮುಟ್ಟುವ ದಾರಿ ನನಗೆ ಗೊತ್ತಿಲ್ಲ. ನೀವು ಮುಂದಿನವರಿಗೆಂದು ಗೋಡೆಯೊಳಗೆ ಇಟ್ಟಿರಿ, ನಾನು ಹಿಂದಿನವರಿಗೆಂದು ಅದೇ ಗೋಡೆಯೊಳಗೆ ಇಡುತ್ತಿದ್ದೇನೆ. ಯಂತ್ರ ಬರುವ ಮುಂಚೆ ಮುಟ್ಟಿದರೆ ಕೆಲಸ ನಿಲ್ಲಿಸಿ, ಹೋಗಿ ಅವಳ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಸಮಾರಂಭ ಮುಗಿದ ಮೇಲೆ ಮುಟ್ಟಿದರೆ, ನಿಮ್ಮ ಶೋಕೇಸಿನಲ್ಲಿರುವುದನ್ನು ತೆಗೆದು ಅವಳ ಮನೆಗೆ ತಲುಪಿಸಿ. ಶಾಲು ಹಾರ ತರಬೇಡಿ. ಭಾಷಣ ಬೇಡ, ಫೋಟೋ ಬೇಡ. ಅವಳು ಬೈದರೆ ಬೈಸಿಕೊಂಡು ಬನ್ನಿ, ಎಂಟು ತಲೆಮಾರಿನ ಕೈ ಉಳಿಯುತ್ತದೆ.

ಪೆಟ್ಟಿಗೆಯಲ್ಲಿ ಪೇಟ, ಶಾಲು, ವಿಡಿಯೋ ಎಲ್ಲವನ್ನೂ ಇದ್ದ ಹಾಗೆ ಇಟ್ಟಿದ್ದೇನೆ, ಕದ್ದೆವು ಅನ್ನಬೇಡಿ. ಮರದ ಪೀಠವೂ ಇದೆ, ಖಾಲಿ ಇದೆ. ಕಲ್ಲು ಎಲ್ಲಿ ಎಂದು ಕೇಳಬೇಡಿ. ಅದು ಮನೆಗೆ ಬಂದಿದೆ.

ನೀರುಗಂಟಿ ಬೋರಕ್ಕ
(ಅವ್ವ ದುರುಗವ್ವ ಇವತ್ತೂ ನೀರಿಗಿಳಿದು ಕೂತಿದ್ದಾಳೆ, ಎದ್ದು ಬಾ ಅಂದರೆ ಕೇಳುತ್ತಿಲ್ಲ)